ಬೀದರ್‌ಗೆ 125, ಕಲಬುರಗಿಗೆ 155: ವಿಮಾನ ತಡವಾದ ಲೆಕ್ಕ

ಕಲಬುರಗಿಯಲ್ಲಿ ಯಾರನ್ನಾದರೂ ಬೆಂಗಳೂರು ಎಷ್ಟು ದೂರ ಅಂತ ಕೇಳಿ. ಕಿಲೋಮೀಟರ್ ಹೇಳುವುದಿಲ್ಲ, "ಒಂದು ರಾತ್ರಿ" ಅನ್ನುತ್ತಾರೆ. ಸಂಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಸ್ಸೋ ಉದ್ಯಾನ್ ಎಕ್ಸ್‌ಪ್ರೆಸ್ಸೋ ಹತ್ತಿದರೆ ಇಳಿಯುವುದು ಬೆಳಗ್ಗೆಯೇ.

ರಸ್ತೆಯಲ್ಲಿ ಅದು 600 ಕಿ.ಮೀ. ಆಸುಪಾಸು. ರೈಲು ವಾಡಿ, ರಾಯಚೂರು, ಗುಂತಕಲ್ ಅಂತ ಆಂಧ್ರ ಸುತ್ತಿ ಬರುತ್ತದೆ. ನಕಾಶೆ ಮೇಲೆ ಸ್ಕೇಲ್ ಇಟ್ಟು ನೋಡಿದರೆ ಎರಡು ವಿಮಾನ ನಿಲ್ದಾಣಗಳ ನಡುವೆ ಇರುವುದು ಸುಮಾರು 465 ಕಿ.ಮೀ. ಮಾತ್ರ. ಹೆಚ್ಚು ಕಡಿಮೆ ನೇರ ದಕ್ಷಿಣಕ್ಕೆ. ಇಂಥ ನೇರ ಗೆರೆಯ ಅಳತೆಗೆ ನಮ್ಮ ಭಾಗದಲ್ಲಿ ಒಂದು ಕಹಿ ಕಥೆಯೂ ಇದೆ.

2008ರಲ್ಲಿ ಹೈದರಾಬಾದಿನ ಶಂಷಾಬಾದ್ ನಿಲ್ದಾಣ ಶುರುವಾಯಿತು. ಅದನ್ನು ಕಟ್ಟಿದವರ ಜೊತೆಗಿನ ಒಪ್ಪಂದದಲ್ಲಿ ಒಂದು ಷರತ್ತಿತ್ತು: 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ ಬರಬಾರದು. ಅಳತೆ ರಸ್ತೆಯದ್ದಲ್ಲ, ಆಕಾಶದ್ದು. ಶಂಷಾಬಾದಿನಿಂದ ಬೀದರ್ ಸುಮಾರು 125 ಕಿ.ಮೀ., ಸಿಕ್ಕಿಬಿತ್ತು. ಕಲಬುರಗಿ ನಿಲ್ದಾಣದ ಜಾಗ ಸುಮಾರು 155, ಕೂದಲೆಳೆಯಲ್ಲಿ ಪಾರಾಯಿತು! ಬೀದರ್‌ನಲ್ಲಿ ವಾಯುಪಡೆಯ ರನ್‌ವೇ ಮೊದಲೇ ಇತ್ತು. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ಮನೆಯೇ ಅದು. ತಲೆ ಮೇಲೆ ದಿನಾ ಹಾಕ್ ತರಬೇತಿ ವಿಮಾನ ಗುಡುಗುತ್ತಿದ್ದವು, ಹತ್ತಿ ಕೂರಲು ಮಾತ್ರ ಒಂದೂ ಇರಲಿಲ್ಲ. ಪ್ರಯಾಣಿಕರಿಗೆ ಅಂತ ಕಟ್ಟಿದ ಟರ್ಮಿನಲ್ ವರ್ಷಗಟ್ಟಲೆ ಸುಮ್ನೆ ನಿಂತಿತ್ತು. ಊಟ ಬಡಿಸಿ ಕೈ ಹಿಡಿದ ಹಾಗೆ, ಅಲ್ವಾ?

ಪಾರಾದ ಕಲಬುರಗಿಗಾದರೂ ಬೇಗ ಸಿಕ್ಕಿತಾ? ಅದೂ ಇಲ್ಲ. ಶ್ರೀನಿವಾಸ ಸರಡಗಿ ಬಳಿ 2008ರಲ್ಲೇ ಅಡಿಗಲ್ಲು ಬಿತ್ತು, ಪ್ರಯಾಣಿಕರ ಮೊದಲ ವಿಮಾನ ಹಾರಿದ್ದು 2019ರ ನವೆಂಬರ್ 22ಕ್ಕೆ. ಬೀದರ್ ಸರದಿ 2020ರ ಫೆಬ್ರವರಿ 7ಕ್ಕೆ ಬಂತು.

ಎರಡೂ ಕಡೆ ಆಸರೆಯಾದದ್ದು ಸಣ್ಣ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ. ಸುಮಾರು 500 ಕಿ.ಮೀ., ಅಂದರೆ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಅಂತ ಅರ್ಧದಷ್ಟು ಸೀಟಿಗೆ ಮಿತಿ ಹಾಕಿದ್ದರು. ನಮ್ಮ 465 ಅದಕ್ಕೇ ಅಳೆದು ಹೊಲಿಸಿದ ಹಾಗಿತ್ತು. ಆದರೆ ಕಂಪನಿಗಳ ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ. ಆಮೇಲೆ ಅವರು ಸೀಟು ಎಣಿಸುತ್ತಾರೆ. ಬೀದರ್ ವಿಮಾನ ನಿಂತಿತು, ಶುರುವಾಯಿತು, ಮತ್ತೆ ನಿಂತಿತು, ಮತ್ತೆ ಶುರುವಾಯಿತು.

ಇನ್ನು ಟಿಕೆಟ್ ಮೇಲಿನ ಸಮಯ. ಎಟಿಆರ್ ತರಹದ ಫ್ಯಾನಿನ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ, ಎಂಬ್ರೇಯರ್ ಜೆಟ್ 800ರ ಮೇಲೆ. ಹಾಗಂತ ಜೆಟ್ ಅರ್ಧ ಗಂಟೆಯಲ್ಲಿ ಮುಟ್ಟಿಸುವುದಿಲ್ಲ. ಇಷ್ಟು ಸಣ್ಣ ದಾರಿಯಲ್ಲಿ ಏರುವುದು, ಇಳಿಯುವುದು, ರನ್‌ವೇಗೆ ಕಾಯುವುದೇ ಜಾಸ್ತಿ. ಯಾವುದರಲ್ಲಿ ಕೂತರೂ ಒಂದು ಗಂಟೆ, ಒಂದೂಕಾಲು ಗಂಟೆ ಹಿಡಿಯುತ್ತದೆ.

ಪೇಪರಿನ ಅಂಚಿನಲ್ಲಿ ನಾನೊಮ್ಮೆ ಲೆಕ್ಕ ಬರೆದೆ. ಮನೆಯಿಂದ ಸರಡಗಿಗೆ ಮುಕ್ಕಾಲು ಗಂಟೆ. ಮುಂಚೆ ಹೋಗಿ ಕೂರುವುದು ಒಂದೂವರೆ. ಹಾರಾಟ ಒಂದೂಕಾಲು. ಬ್ಯಾಗಿಗೆ ಅರ್ಧ. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಒಂದೂವರೆ. ಒಟ್ಟು ಐದೂವರೆ ಗಂಟೆ. 2024ರ ಮಾರ್ಚ್‌ನಲ್ಲಿ ಬಂದ ವಂದೇ ಭಾರತ್ ರೈಲು ಒಂಬತ್ತು ಗಂಟೆಯೊಳಗೆ ಬೆಂಗಳೂರು ಮುಟ್ಟಿಸುತ್ತದೆ. ಮನೆಯಲ್ಲಿ ಲೆಕ್ಕ ತೋರಿಸಿದೆ. ಅವ್ವ ಕೇಳಿದ್ದು ಒಂದೇ, "ಹಿಂಡಿ ಡಬ್ಬಿ ವಿಮಾನದಾಗ ಬಿಡ್ತಾರೇನು?"