‘ಸಮ್ಮರೈಸ್’ ಜೊತೆಗೆ ‘ಅಬೌಟ್’ ಯಾಕೆ?

ಮಂಗಳೂರಿನ ಆಫೀಸುಗಳಲ್ಲಿ ಕೆಲಸ ಮಾಡುವವರಿಗೆ ಇಂಗ್ಲಿಷ್ ಬರವಣಿಗೆ ಹೇಳಿಕೊಡುವುದು ನನ್ನ ಕೆಲಸ. ಅವರು ತಿದ್ದಲು ತರುವ ಮೇಲ್‌ಗಳಲ್ಲಿ ಒಂದು ವಾಕ್ಯ ಪದೇ ಪದೇ ಕಣ್ಣಿಗೆ ಬೀಳುತ್ತದೆ: ‘ಐ ವಿಲ್ ಸಮ್ಮರೈಸ್ ಅಬೌಟ್ ದ ಮೀಟಿಂಗ್.’

ಗ್ರಾಮರ್ ಚೆನ್ನಾಗಿ ಗೊತ್ತಿರುವವರೂ ಹೀಗೇ ಬರೆಯುತ್ತಾರೆ. ‘ಮೀಟಿಂಗ್ ಬಗ್ಗೆ ಚುಟುಕಾಗಿ ಹೇಳಿ’ ಅಂತ ನಾವು ಕನ್ನಡದಲ್ಲಿ ಹೇಳುತ್ತೇವಲ್ವಾ? ಆ ‘ಬಗ್ಗೆ’ಯೇ ಇಂಗ್ಲಿಷಿನಲ್ಲಿ ‘ಅಬೌಟ್’ ಆಗಿ ಕೂತುಬಿಡುತ್ತದೆ. ಆದರೆ ಇಂಗ್ಲಿಷಿನಲ್ಲಿ ‘ಸಮ್ಮರೈಸ್’ ಆದ ಕೂಡಲೇ ವಿಷಯ ಬರಬೇಕು: ‘ಸಮ್ಮರೈಸ್ ದ ಮೀಟಿಂಗ್’. ‘ಡಿಸ್ಕಸ್’ಗೂ ಇದೇ ನಿಯಮ.

ಇನ್ನೊಂದು, ‘ಸಮ್ಮರೈಸ್ ಮಿ ದ ರಿಪೋರ್ಟ್’. ‘ಗಿವ್ ಮಿ ದ ರಿಪೋರ್ಟ್’ ಸರಿ ಇರುವುದರಿಂದ ಇದೂ ಸರಿ ಅನಿಸುತ್ತದೆ. ಇಲ್ಲಿ ಮಾತ್ರ ‘ಸಮ್ಮರೈಸ್ ದ ರಿಪೋರ್ಟ್ ಫಾರ್ ಮಿ’ ಅಂತಲೇ ಬರೆಯಬೇಕು. ಸ್ಪೆಲ್ಲಿಂಗಿನಲ್ಲಿ ‘ಎಮ್’ ಎರಡು. ಪದದ ಕೊನೆಯ ‘ಐಸ್’ ಭಾಗದಲ್ಲಿ ಅಮೆರಿಕದವರು ‘ಝಡ್’ ಹಾಕುತ್ತಾರೆ, ಬ್ರಿಟಿಷ್ ಬರವಣಿಗೆಯಲ್ಲಿ ‘ಎಸ್’ ಜಾಸ್ತಿ. ಯಾವುದಾದರೂ ಸರಿ, ಒಂದೇ ಮೇಲ್‌ನಲ್ಲಿ ಎರಡೂ ಬೇಡ. ‘ಬ್ರೀಫ್ಲಿ ಸಮ್ಮರೈಸ್’ ಕಂಡರೆ ನಾನು ‘ಬ್ರೀಫ್ಲಿ’ಯನ್ನು ಹೊಡೆದುಹಾಕುತ್ತೇನೆ. ಚಿಕ್ಕದಾಗಿ ಹೇಳುವುದು ಆ ಕ್ರಿಯಾಪದದಲ್ಲೇ ಇದೆ.

ಇವೆಲ್ಲ ಒಂದು ದಿನದಲ್ಲಿ ತಿದ್ದಿಕೊಳ್ಳಬಹುದು. ನಿಜವಾದ ತೊಂದರೆ ‘ಅಬೌಟ್’ ತೆಗೆದ ಮೇಲೂ ಉಳಿಯುತ್ತದೆ.

ಕದ್ರಿ ಕಡೆಯ ಒಂದು ಅಪಾರ್ಟ್‌ಮೆಂಟ್ ಅಂತ ಇಟ್ಟುಕೊಳ್ಳಿ. ಬೇಸಗೆ, ಮಂಗಳೂರಿಗೆ ನೀರು ಕೊಡುವ ತುಂಬೆ ಡ್ಯಾಮಿನಲ್ಲಿ ನೀರು ಇಳಿದಿದೆ. ಅಸೋಸಿಯೇಷನ್ ಸಭೆ ಎರಡು ಗಂಟೆ ನಡೆಯಿತು. ಸೆಕ್ರೆಟರಿ ಎಲ್ಲರಿಗೂ ಮೇಲ್ ಕಳಿಸಿದರು: ‘ಟು ಸಮ್ಮರೈಸ್, ದ ವಾಟರ್ ಪ್ರಾಬ್ಲಮ್ ಆ್ಯಂಡ್ ಟ್ಯಾಂಕರ್ ಚಾರ್ಜಸ್ ವರ್ ಡಿಸ್ಕಸ್ಡ್ ಇನ್ ಡೀಟೇಲ್.’

ಗ್ರಾಮರ್ ಪ್ರಕಾರ ತಪ್ಪೇನೂ ಇಲ್ಲ. ಆದರೆ ದುಬೈಯಲ್ಲಿ ಕೂತು ಫೋನಿನಲ್ಲಿ ಇದನ್ನು ಓದುವ ಫ್ಲ್ಯಾಟ್ ಮಾಲೀಕರಿಗೆ ಏನು ಗೊತ್ತಾಯಿತು? ನೀರಿನ ಬಗ್ಗೆ ಮಾತಾಡಿದರು ಅಂತ ಮಾತ್ರ. ಏನು ತೀರ್ಮಾನ ಆಯಿತು ಅಂತ ಇಲ್ಲ. ‘ಬಗ್ಗೆ’ ಇಲ್ಲೂ ಬಚ್ಚಿಟ್ಟುಕೊಂಡಿದೆ. ವಿಷಯದ ಹೆಸರು ಹೇಳಿದ್ದಾರೆ, ವಿಷಯ ಹೇಳಿಲ್ಲ.

ಅವರು ಹೀಗೆ ಬರೆಯಬಹುದಿತ್ತು: ಬೆಳಿಗ್ಗೆ 6ರಿಂದ 8, ಸಂಜೆ 6ರಿಂದ 8 ಮಾತ್ರ ನೀರು. ಟ್ಯಾಂಕರ್ ಖರ್ಚು ಎಲ್ಲ ಫ್ಲ್ಯಾಟುಗಳಿಗೂ ಸಮಪಾಲು. ಈ ವ್ಯವಸ್ಥೆ ಮೇ ಕೊನೆಯವರೆಗೆ. ಮೂರೇ ಸಾಲು. ಯಾರು ಯಾರ ಮೇಲೆ ರೇಗಿದರು, ಹೋದ ವರ್ಷ ಏನಾಗಿತ್ತು, ಬೋರ್‌ವೆಲ್ ತೋಡಿಸೋಣ ಅಂದವರು ಯಾರು, ಯಾವುದೂ ಬೇಕಾಗಿಲ್ಲ. ಬೋರ್‌ವೆಲ್ ತೋಡಿಸುವುದೆಂದು ತೀರ್ಮಾನವಾಗಿದ್ದರೆ ಅದು ನಾಲ್ಕನೇ ಸಾಲು.

ನನ್ನ ಕ್ಲಾಸಿಗೆ ಬರುವವರಿಗೆ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಬರೆದ ಪ್ರತಿ ವಾಕ್ಯದ ಮುಂದೆ ‘ಹಾಗಾದರೆ ಏನಂತೆ?’ ಅಂತ ಕೇಳಿ. ‘ಟ್ಯಾಂಕರ್ ಚಾರ್ಜ್ ಚರ್ಚೆ ಆಯಿತು.’ ‘ಹಾಗಾದರೆ ಏನಂತೆ?’ ಪ್ರಶ್ನೆ ಇನ್ನೂ ಉಳಿಯುತ್ತದೆ ಅಂದರೆ ಸಾರಾಂಶ ಆಗಿಲ್ಲ. ‘ಖರ್ಚು ಸಮಪಾಲು’ ಅಂದ ಮೇಲೆ ಆ ಪ್ರಶ್ನೆಗೆ ಜಾಗವೇ ಇಲ್ಲ.

‘ಟು ಸಮ್ಮರೈಸ್’ ಅಂತ ಶುರುಮಾಡುವುದು ಉದ್ದದ ರಿಪೋರ್ಟಿನ ಕೊನೆಯ ಪ್ಯಾರಾಕ್ಕೆ ಚೆಂದ. ಅಲ್ಲಿ ಹೊಸ ಸಂಗತಿ ಸೇರಿಸಬಾರದು. ಮೇಲೆ ಹೇಳಿದ್ದಷ್ಟೇ ಇರಬೇಕು. ನಾಲ್ಕು ಸಾಲಿನ ಮೇಲ್‌ಗೆ ಅದು ಬೇಡವೇ ಬೇಡ. ನೇರವಾಗಿ ತೀರ್ಮಾನದಿಂದಲೇ ಶುರುಮಾಡಿ.