ತೋಬಿತನ ಪುಸ್ತಕ ನಮ್ಮ ಬೈಬಲ್‌ನಲ್ಲಿ ಯಾಕಿಲ್ಲ? 66 ಮತ್ತು 73ರ ಹಿಂದಿನ ಕಥೆ

ನಮ್ಮ ಚಿಕ್ಕಪ್ಪನ ಮಗಳ ಮದುವೆ ಚಿಕ್ಕಬಳ್ಳಾಪುರದಲ್ಲೇ ಆಯ್ತು. ನಾವು ಸಿಎಸ್‌ಐನವರು, ಅಂದ್ರೆ ಪ್ರೊಟೆಸ್ಟೆಂಟರು, ಗಂಡಿನ ಕಡೆಯವರು ಕ್ಯಾಥೊಲಿಕರು, ಹಾಗಾಗಿ ಅವರ ಚರ್ಚಲ್ಲಿ ಪೂಜೆ ಇಟ್ಕೊಂಡು ಮದುವೆ. ಮೊದಲನೇ ವಾಚನಕ್ಕೆ ಒಂದು ಹುಡುಗಿ ಎದ್ದು ಹೋಗಿ "ತೋಬಿತನ ಗ್ರಂಥದಿಂದ" ಅಂತ ಶುರು ಮಾಡಿದ್ಲು. ಪಕ್ಕದಲ್ಲಿ ಕೂತಿದ್ದ ನಮ್ಮ ದೊಡ್ಡಪ್ಪ ಎಲ್ಲಿಗೆ ಹೋದ್ರೂ ಸತ್ಯವೇದ (ನಮ್ಮ ಬೈಬಲ್) ಕಂಕುಳಲ್ಲಿ ಇಟ್ಕೊಂಡೇ ಹೋಗೋರು, ಯಾರು ಏನು ಓದಿದ್ರೂ ತಾವೂ ತೆಗೆದು ನೋಡಲೇಬೇಕು. ನೆಹೆಮೀಯ ತಿರುವಿದ್ರು, ಎಸ್ತೇರ್ ತಿರುವಿದ್ರು, ಪರಿವಿಡಿಗೆ ಬಂದು ಬೆರಳಿಟ್ಟು ಮೇಲಿಂದ ಕೆಳಗೆ ಓದಿದ್ರು, ಕನ್ನಡಕ ಒರೆಸ್ಕೊಂಡು ಇನ್ನೊಂದ್ಸಲ ಓದಿದ್ರು. "ಇಂಥಾ ಪುಸ್ತಕಾನೇ ಇಲ್ವಲ್ಲೋ" ಅಂತ ನನ್ನ ಕಿವಿಯಲ್ಲಿ ಅಂದಿದ್ದು ಹಿಂದಿನ ಬೆಂಚಲ್ಲಿದ್ದ ಬೀಗಿತ್ತಿಗೂ ಕೇಳಿಸ್ತು. "ನಿಮ್ಮದರಲ್ಲಿ ಇರಲ್ಲ ಅಣ್ಣ, ನಮ್ಮದರಲ್ಲಿದೆ" ಅಂದ್ರು ಆ ಯಮ್ಮ, ನಗ್ತಾ.

ಸಂಜೆಗೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಶುರುವಾಯ್ತು ನೋಡಿ. ಒಬ್ಬ ಫಾರ್ವರ್ಡ್ ಮಾಡಿದ, ಪ್ರೊಟೆಸ್ಟೆಂಟ್ ದಾರಿ ಶುರು ಮಾಡಿದ ಜರ್ಮನಿಯ ಲೂಥರ್ 7 ಪುಸ್ತಕ ಕಿತ್ತು ಬಿಸಾಕಿದ ಅಂತ. ಇನ್ನೊಬ್ಬ ಅದಕ್ಕೆ ಉತ್ತರವಾಗಿ, 1546ರಲ್ಲಿ ಕ್ಯಾಥೊಲಿಕರು ತಮಗೆ ಬೇಕಾದ 7 ಪುಸ್ತಕ ಒಳಗೆ ಸೇರಿಸ್ಕೊಂಡ್ರು ಅಂತ. ಎರಡೂ ನಿಜ ಅಲ್ಲ, ಆದ್ರೆ ಎರಡೂ ಪೂರ್ತಿ ಸುಳ್ಳೂ ಅಲ್ಲ, ಅದೇ ಇದರ ತೊಂದರೆ.

ಮೊದಲು ಲೆಕ್ಕ ಹೇಳಿಬಿಡ್ತೀನಿ. ಹೊಸ ಒಡಂಬಡಿಕೆಯಲ್ಲಿ ಇಬ್ಬರಿಗೂ 27 ಪುಸ್ತಕ, ಅಲ್ಲಿ ಜಗಳ ಇಲ್ಲ. ಹಳೆಯ ಒಡಂಬಡಿಕೆಯಲ್ಲಿ ನಮಗೆ 39, ಅವರಿಗೆ 46. ಒಟ್ಟು ನಮಗೆ 66, ಅವರಿಗೆ 73. ಆ ಏಳು ಅಂದ್ರೆ ತೋಬಿತ, ಜೂದಿತ್, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಪುಸ್ತಕ. ಇದರ ಜೊತೆ ಎಸ್ತೇರಳ ಪುಸ್ತಕದಲ್ಲೂ ದಾನಿಯೇಲನ ಪುಸ್ತಕದಲ್ಲೂ ಅವರಿಗೆ ಜಾಸ್ತಿ ಭಾಗಗಳಿವೆ, ನಮ್ಮ ದಾನಿಯೇಲ 12ನೇ ಅಧ್ಯಾಯಕ್ಕೆ ಮುಗಿದ್ರೆ ಅವರದ್ದು 14ರವರೆಗೂ ಹೋಗುತ್ತೆ. ಎಸ್ತೇರಳದ್ದು ಇನ್ನೂ ಮಜಾ, ನಮ್ಮ ಪುಸ್ತಕದಲ್ಲಿ ಶುರುವಿಂದ ಕೊನೆವರೆಗೂ ದೇವರು ಅನ್ನೋ ಪದವೇ ಬರಲ್ಲ, ಅವರ ಪುಸ್ತಕದಲ್ಲಿ ಎಸ್ತೇರಳು ಉದ್ದಕ್ಕೆ ಪ್ರಾರ್ಥನೆ ಮಾಡ್ತಾಳೆ.

ಈ ವ್ಯತ್ಯಾಸದ ಬೇರು ಕ್ರಿಸ್ತನಿಗಿಂತ ಹಿಂದಿನದು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಯೆಹೂದಿಗಳಿಗೆ ಹೀಬ್ರೂಗಿಂತ ಗ್ರೀಕ್ ಹತ್ತಿರ ಆಗಿತ್ತು, ಕ್ರಿಸ್ತಪೂರ್ವ 3ನೇ ಶತಮಾನದಿಂದ ಅವರು ಶಾಸ್ತ್ರಗಳನ್ನ ಗ್ರೀಕಿಗೆ ಮಾಡ್ಕೊಂಡು ಬಂದ್ರು, ಆ ಗ್ರೀಕ್ ಸಂಗ್ರಹದಲ್ಲಿ ಈ ಪುಸ್ತಕಗಳೂ ಕೂತಿದ್ವು. ಮೊದಲ ಕ್ರೈಸ್ತರ ಕೈಗೆ ಸಿಕ್ಕಿದ್ದು ಅದೇ ಗ್ರೀಕ್. ಯೆಹೂದಿ ಗುರುಗಳು ಮುಂದೆ ಹೀಬ್ರೂ ಪಟ್ಟಿಯನ್ನೇ ಗಟ್ಟಿ ಮಾಡ್ಕೊಂಡ್ರು. 4ನೇ ಶತಮಾನದ ಕೊನೆಗೆ ಲ್ಯಾಟಿನ್ ಅನುವಾದಕ್ಕೆ ಕೂತ ಜೆರೋಮ್, ಹೀಬ್ರೂದಲ್ಲಿ ಇಲ್ಲದ್ದು ಬೇರೆ ದರ್ಜೆಯದು ಅಂದ, ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಒಪ್ಪಲಿಲ್ಲ, 397ರ ಕಾರ್ತೇಜ್ ಸಭೆಯ ಪಟ್ಟಿಯಲ್ಲಿ ಈ ಪುಸ್ತಕಗಳೂ ಸೇರಿದ್ವು. ಆಮೇಲೆ ಸಾವಿರ ವರ್ಷಕ್ಕೂ ಮೇಲೆ ಪಂಡಿತರು ಗೊಣಗ್ತಾ ಇದ್ರು, ಜನ ಓದ್ತಾ ಇದ್ರು.

1519ರಲ್ಲಿ ಲೈಪ್‌ಜಿಗ್‌ನ ವಾದದಲ್ಲಿ ಇದು ಬಿಸಿಯಾಯ್ತು. ಸತ್ತವರಿಗಾಗಿ ಪ್ರಾರ್ಥನೆ ಮಾಡಬಹುದಾ ಅನ್ನೋ ಪ್ರಶ್ನೆ. ಲೂಥರನ ಎದುರಾಳಿ ಎಕ್ ಅನ್ನೋನು ಮಕ್ಕಬಿಯರ ಎರಡನೇ ಪುಸ್ತಕ ತೆಗೆದು ತೋರಿಸಿದ, ಅದರ 12ನೇ ಅಧ್ಯಾಯದಲ್ಲಿ ಯೂದ ಮಕ್ಕಬಿ ಸತ್ತ ಸೈನಿಕರ ಪಾಪಕ್ಕೋಸ್ಕರ ದುಡ್ಡು ಕೂಡಿಸಿ ಜೆರುಸಲೇಮಿಗೆ ಕಳಿಸ್ತಾನೆ. ಲೂಥರ್ ಆ ಪುಸ್ತಕವೇ ಪ್ರಮಾಣ ಅಲ್ಲ ಅಂದ. ನವೆಂಬರ್ 2ರಂದು ನಮ್ಮ ಬೀಗರು ಸಮಾಧಿಗೆ ಹೂವು ಹಾಕಿ ಮೇಣದಬತ್ತಿ ಹಚ್ಚಿ ತೀರಿಕೊಂಡವರಿಗೋಸ್ಕರ ಪೂಜೆ ಕೊಡೋದು, ನಮ್ಮನೆಯವರು ಅದಕ್ಕೆ ಮುಖ ಸಿಂಡರಿಸೋದು, ಎಲ್ಲದರ ಹಿಂದೆ ಈ ಅಧ್ಯಾಯದ ನೆರಳಿದೆ.

ಆದ್ರೂ ಲೂಥರ್ ಕಿತ್ತು ಹಾಕಲಿಲ್ಲ. 1534ರ ಅವನ ಪೂರ್ತಿ ಜರ್ಮನ್ ಬೈಬಲ್‌ನಲ್ಲಿ ಈ ಪುಸ್ತಕಗಳು ಇವೆ, ಎರಡು ಒಡಂಬಡಿಕೆಗಳ ಮಧ್ಯೆ ಬೇರೆ ಕಟ್ಟು ಮಾಡಿ ಇಟ್ಟ, ಶಾಸ್ತ್ರಕ್ಕೆ ಸಮ ಅಲ್ಲ ಆದ್ರೆ ಓದೋಕೆ ಒಳ್ಳೇದು ಅಂತ ಬರೆದ. ಇತ್ತ ಕ್ಯಾಥೊಲಿಕರ 1546ರ ಟ್ರೆಂಟ್ ಸಭೆ ಇವೆಲ್ಲ ಶಾಸ್ತ್ರವೇ ಅಂತ ಸೀಲ್ ಹೊಡೀತು, ಆದ್ರೆ ಅದೇ ಪಟ್ಟಿ 1442ರಲ್ಲಿ ಫ್ಲಾರೆನ್ಸ್ ಸಭೆಯಲ್ಲೂ ಇತ್ತು, ಹೊಸದಾಗಿ ಸೇರಿಸಿದ್ದು ಅಲ್ಲ. ಇಂಗ್ಲೆಂಡಲ್ಲಿ 1611ರ ಕಿಂಗ್ ಜೇಮ್ಸ್ ಬೈಬಲ್ ಪ್ರೊಟೆಸ್ಟೆಂಟರದ್ದೇ, ಅದರಲ್ಲೂ ಈ ಪುಸ್ತಕಗಳು ಅಪಾಕ್ರಿಫಾ ಅನ್ನೋ ಹೆಸರಲ್ಲಿ ಇದ್ವು. ಇದನ್ನ ಹೇಳಿದ್ರೆ ನಮ್ಮ ಸಭೆಯ ಎಷ್ಟೋ ಜನ ನಂಬಲ್ಲ.

ಹಾಗಾದ್ರೆ ನಮ್ಮ ಕೈಯಿಂದ ಯಾವಾಗ ಹೋಯ್ತು? ನನ್ನ ಪ್ರಕಾರ ಕನ್ನಡದವರಿಗೆ ಮುಖ್ಯವಾದ ಭಾಗ ಇದೇ, ಇದನ್ನೇ ಯಾರೂ ಹೇಳಲ್ಲ. 1804ರಲ್ಲಿ ಲಂಡನ್ನಲ್ಲಿ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಶುರುವಾಯ್ತು, ಕಡಿಮೆ ಬೆಲೆಗೆ ಎಲ್ಲ ಭಾಷೆಯಲ್ಲೂ ಬೈಬಲ್ ಕೊಡೋದು ಅವರ ಕೆಲಸ. ಯುರೋಪಿನ ಜನ ಆ ಪುಸ್ತಕಗಳೂ ಬೇಕು ಅಂತಿದ್ರು, ಸ್ಕಾಟ್ಲೆಂಡಿನ ಬೆಂಬಲಿಗರು ನಮ್ಮ ಚಂದಾ ದುಡ್ಡಲ್ಲಿ ಅಪಾಕ್ರಿಫಾ ಛಾಪಿಸೋ ಹಂಗಿಲ್ಲ ಅಂತ ಕೂತ್ರು. 1825-26ರಲ್ಲಿ ದೊಡ್ಡ ಗಲಾಟೆ ಆಗಿ, ಕೊನೆಗೆ ಆ ಪುಸ್ತಕ ಇರೋ ಬೈಬಲ್‌ಗೆ ಸೊಸೈಟಿ ದುಡ್ಡು ಕೊಡಲ್ಲ ಅಂತ ತೀರ್ಮಾನ ಆಯ್ತು. ಅಷ್ಟಾದ್ರೂ ಎಡಿನ್‌ಬರೋದವರು ಸಮಾಧಾನ ಆಗದೆ ಬೇರೆ ಹೋದ್ರು, ಅದು ಬೇರೆ ಕಥೆ.

ಈಗ ಬಳ್ಳಾರಿಗೆ ಬನ್ನಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತವರು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡ ನಿಘಂಟಿನ ಕೆಲಸ ಹಿಡಿದಿದ್ರು. ಪೂರ್ತಿ ಕನ್ನಡ ಬೈಬಲ್ ಹೊರಗೆ ಬಂದಿದ್ದು 1831ರ ಹೊತ್ತಿಗೆ. ದಿನಾಂಕ ನೋಡಿ, ಲಂಡನ್ನಿನ ತೀರ್ಮಾನ ಆಗಿ ಐದು ವರ್ಷ ಆಗಿತ್ತು. ಅಂದ್ರೆ ಕನ್ನಡದ ಬೈಬಲ್‌ನಿಂದ ಯಾರೂ ಏನನ್ನೂ ತೆಗೆಯಲಿಲ್ಲ, ಅದು ಹುಟ್ಟಿದಾಗಲೇ 66. ನಮ್ಮ ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆ ಕಟ್ಟಿದ್ದೂ ಇದೇ ಲಂಡನ್ ಮಿಷನ್. ಕೋಲಾರದ ಕಡೆ ಮೆಥಡಿಸ್ಟರು ಬಂದ್ರು, ತುಮಕೂರಿನ ಕಡೆ ವೆಸ್ಲಿಯನ್ನರು ಬಂದ್ರು, ಮಿಷನ್ ಬೇರೆ ಬೇರೆ ಆದ್ರೂ ಜನರ ಕೈಗೆ ಸಿಕ್ಕಿದ್ದು 66 ಪುಸ್ತಕದ ಸತ್ಯವೇದವೇ. ಲೂಥರ್ ಓದೋಕೆ ಒಳ್ಳೇದು ಅಂದಿದ್ದನ್ನ ನಮ್ಮ ಮುತ್ತಜ್ಜ ಓದಿ ಬೇಡ ಅನ್ನೋಕಾದ್ರೂ ಒಂದು ಅವಕಾಶ ಇರಬೇಕಿತ್ತಲ್ವಾ, ಅದೊಂದು ನನಗೆ ಬೇಜಾರು.

ಕ್ಯಾಥೊಲಿಕರ ಕಡೆ ಏನು ಬಹಳ ಚೆನ್ನಾಗಿತ್ತು ಅನ್ಕೋಬೇಡಿ. 17ನೇ ಶತಮಾನದಲ್ಲೇ ಜೆಸ್ವಿಟ್ ಪಾದ್ರಿಗಳು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತಿದ್ರು, ಆದ್ರೆ ಜನರಿಗೆ ಸಿಕ್ಕಿದ್ದು ಜಪ, ಧರ್ಮೋಪದೇಶ, ಲ್ಯಾಟಿನ್ ಪೂಜೆ. 73 ಇದೆ ಅನ್ನೋರ ಮನೆಯಲ್ಲಿ ಒಂದೂ ಇರ್ತಿರಲಿಲ್ಲ. ಎರಡನೇ ವ್ಯಾಟಿಕನ್ ಸಭೆ, 1962ರಿಂದ 65, ಆದ ಮೇಲೇ ಪೂಜೆ ಕನ್ನಡಕ್ಕೆ ಬಂತು, ಮನೆಮನೆಗೆ ಬೈಬಲ್ ಅನ್ನೋ ಮಾತು ಬಂತು. 1968ರಲ್ಲಿ ಬೈಬಲ್ ಸೊಸೈಟಿಗಳೂ ವ್ಯಾಟಿಕನ್ನೂ ಸೇರಿ ಅನುವಾದ ಮಾಡೋಕೆ ನಿಯಮ ಹಾಕ್ಕೊಂಡ್ರು. ಈಗ ಕನ್ನಡದಲ್ಲಿ ಬೈಬಲ್ ಸೊಸೈಟಿಯ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್, ಅಂದ್ರೆ ಸರಳ ಭಾಷೆಯ) ಅನುವಾದ ಆ ಪುಸ್ತಕಗಳ ಸಮೇತ ಸಿಗುತ್ತೆ, ಮೊಬೈಲಲ್ಲೂ ಇದೆ.

ಇನ್ನೊಂದು ವ್ಯತ್ಯಾಸ ಇದೆ, ಪುಸ್ತಕದ ಸಂಖ್ಯೆಗಿಂತ ಕಿವಿಗೆ ಬೇಗ ಬಡಿಯೋದು ಅದು. ನಮ್ಮ ಸತ್ಯವೇದದಲ್ಲಿ ಯೆಹೋವ, ಸಿ.ಎಲ್.ನಲ್ಲಿ ಸರ್ವೇಶ್ವರ. ನಮಗೆ ಸುವಾರ್ತೆ, ಅವರಿಗೆ ಶುಭಸಂದೇಶ. ನಮ್ಮ ಅತ್ತೆಗೆ ಸರ್ವೇಶ್ವರ ಅಂದ್ರೆ ಬೇರೆ ಯಾವುದೋ ದೇವಸ್ಥಾನದ ಹೆಸರು ಕೇಳಿದಂಗೆ ಆಗುತ್ತಂತೆ, ಬೀಗಿತ್ತಿಗೆ ಯೆಹೋವ ಅಂದ್ರೆ ಬಾಗಿಲು ತಟ್ಟಿ ಪತ್ರಿಕೆ ಕೊಡೋ ಯೆಹೋವನ ಸಾಕ್ಷಿಗಳು ಅನ್ನೋ ಪಂಥದವರ ನೆನಪು.

ಇತ್ತೀಚಿನ ದಿನಗಳಲ್ಲಿ ಹೀಬ್ರೂ ಮೂಲ ಇಲ್ಲ ಅನ್ನೋ ಹಳೇ ವಾದವೂ ಸ್ವಲ್ಪ ಅಲ್ಲಾಡಿದೆ. 1952ರಲ್ಲಿ ಮೃತಸಮುದ್ರದ ಹತ್ತಿರ ಕುಮ್ರಾನಿನ ಗುಹೆಯಲ್ಲಿ ತೋಬಿತನ ಚೂರುಗಳು ಸಿಕ್ಕಿದ್ವು, ನಾಲ್ಕು ಪ್ರತಿ ಅರಾಮಿಕ್ ಭಾಷೆಯಲ್ಲಿ, ಒಂದು ಹೀಬ್ರೂನಲ್ಲಿ. ಸಿರಾಖನ ಹೀಬ್ರೂ ಹಾಳೆಗಳು 1896ರಲ್ಲೇ ಕೈರೋದ ಹಳೇ ಯೆಹೂದಿ ಮಂದಿರದಿಂದ ಬಂದದ್ದು ಗೊತ್ತಾಗಿತ್ತು. ಭಾಷೆ ಸಿಕ್ತು ಅಂತ ಶಾಸ್ತ್ರ ಆಗಿಬಿಡಲ್ಲ, ಅದನ್ನ ಸಭೆಗಳೇ ಹೇಳಬೇಕು.

ನಮ್ಮ ದೊಡ್ಡಪ್ಪ ಮದುವೆ ಆಗಿ ವಾರಕ್ಕೇ ಬೀಗರ ಮನೆಗೆ ಹೋಗಿ ಅವರ ಬೈಬಲ್ ಕೇಳಿ ಓದಿದ್ರು, ಮನೆಗೆ ತಗೊಂಡು ಹೋಗಿ ಅಂದ್ರೂ ತರಲಿಲ್ಲ, ಅಲ್ಲೇ ಕಾಫಿ ಕುಡಿದು ಓದಿ ಬರೋರು. ತೋಬಿತ ಅಷ್ಟೇನೂ ಹಿಡಿಸಲಿಲ್ಲ, ಮೀನಿನ ಪಿತ್ತ ಹಚ್ಚಿ ಕಣ್ಣು ಬರೋದು ಅವರಿಗೆ ಸರಿ ಕಾಣಲಿಲ್ಲ, ಜೊತೆಯಲ್ಲಿ ಹೋಗೋ ನಾಯಿ ಮಾತ್ರ ಚೆನ್ನಾಗಿದೆ ಅಂದ್ರು. ಆದ್ರೆ ದಾನಿಯೇಲನ 13ನೇ ಅಧ್ಯಾಯ, ಸುಸನ್ನಳ ಕಥೆ, ಅದಕ್ಕೆ ಬಿದ್ದುಹೋದ್ರು. ಇಬ್ಬರು ಹಿರಿಯರು ಸೇರಿ ಒಬ್ಬ ಹೆಣ್ಣುಮಗಳ ಮೇಲೆ ಸುಳ್ಳು ಸಾಕ್ಷಿ ಹೇಳ್ತಾರೆ, ದಾನಿಯೇಲ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಯಾವ ಮರದ ಕೆಳಗೆ ನೋಡಿದ್ರಿ ಅಂತ ಕೇಳ್ತಾನೆ, ಒಬ್ಬ ಒಂದು ಮರ ಹೇಳ್ತಾನೆ, ಇನ್ನೊಬ್ಬ ಇನ್ನೊಂದು. ದೊಡ್ಡಪ್ಪ ಮೂವತ್ತು ವರ್ಷ ಕೋರ್ಟಲ್ಲಿ ಗುಮಾಸ್ತರಾಗಿದ್ದವರು. "ಪಾಟೀಸವಾಲು ಅಂದ್ರೆ ಇದು ಕಣೋ" ಅಂತ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಇದು ಶಾಸ್ತ್ರಾನಾ ದೊಡ್ಡಪ್ಪ ಅಂತ ನಾನು ಕೇಳಿದ್ರೆ ಉತ್ತರ ಕೊಡಲ್ಲ. ಮೊನ್ನೆ ಅವರ ಸತ್ಯವೇದ ತೆಗೆದು ನೋಡಿದೆ, ದಾನಿಯೇಲ 12ರ ಕೊನೆಯಲ್ಲಿ ಉಳಿದಿರೋ ಖಾಲಿ ಜಾಗದಲ್ಲಿ ಪೆನ್ಸಿಲಲ್ಲಿ ಸಣ್ಣದಾಗಿ ಬರೆದಿದ್ದಾರೆ: ಇನ್ನೆರಡು ಅಧ್ಯಾಯ ಬೀಗರ ಮನೆಯಲ್ಲಿದೆ.