ಮ್ಯಾಕ್ ಅಂಡ್ ಚೀಸ್ ಯಾರ ಕೈರುಚಿ?

ಮ್ಯಾಕ್ ಅಂಡ್ ಚೀಸ್ ಅಂದರೆ ಬೇಯಿಸಿದ ಮ್ಯಾಕರೋನಿ ಪಾಸ್ತಾಗೆ ಚೀಸ್ ಸೇರಿಸಿ ಮಾಡುವ ತಿನಿಸು. ಅದರ ಬಗ್ಗೆ ಅಮೆರಿಕನ್ನರನ್ನು ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಮಾತು. ಓವನ್‌ನಲ್ಲಿಟ್ಟು ಮೇಲ್ಪದರ ಕೆಂಪಗಾಗಬೇಕು, ಅದೇ ನಿಜವಾದದ್ದು ಅನ್ನುತ್ತಾರೆ ಕೆಲವರು. ಹತ್ತು ನಿಮಿಷದಲ್ಲಿ ಆಗುವ, ಕ್ರಾಫ್ಟ್ ಕಂಪನಿಯ ನೀಲಿ ಡಬ್ಬಿಯದೇ ಬೇಕು, ಚಿಕ್ಕಂದಿನಿಂದ ತಿಂದದ್ದು ಅದನ್ನೇ ಅನ್ನುವವರೂ ಇದ್ದಾರೆ. ಜೊತೆಗೆ ಇನ್ನೊಂದು ಕಥೆ: ಇದನ್ನು ಕಂಡುಹಿಡಿದು ದೇಶಕ್ಕೆ ಕೊಟ್ಟವರು ಅಧ್ಯಕ್ಷ ಥಾಮಸ್ ಜೆಫರ್ಸನ್ ಅಂತೆ.

ಪಾಸ್ತಾಗೆ ಬೆಣ್ಣೆ, ಚೀಸ್ ಹಾಕುವುದು ಹಳೇ ವಿದ್ಯೆ. 14ನೇ ಶತಮಾನದ ಕೊನೆಯ ಇಂಗ್ಲಿಷ್ ಅಡುಗೆ ಹಸ್ತಪ್ರತಿಯಲ್ಲೇ ಅದು ಸಿಗುತ್ತದೆ. ಹಾಗಾಗಿ ಜೆಫರ್ಸನ್ ಕಂಡುಹಿಡಿದರು ಅನ್ನುವ ಮಾತು ನಿಲ್ಲುವುದಿಲ್ಲ. ಅವರಿಗೆ ಮ್ಯಾಕರೋನಿ ಇಷ್ಟ ಇತ್ತು, ಅದನ್ನು ಮಾಡುವ ಯಂತ್ರದ ಚಿತ್ರವನ್ನೂ ಬರೆದಿಟ್ಟಿದ್ದರು, ಅಷ್ಟು ನಿಜ. ಆದರೆ ಒಲೆ ಮುಂದೆ ನಿಂತವರು ಬೇರೆ.

ಅವರ ಹೆಸರು ಜೇಮ್ಸ್ ಹೆಮಿಂಗ್ಸ್. ಜೆಫರ್ಸನ್ ಮನೆಯ ಗುಲಾಮರು, ಜೆಫರ್ಸನ್ ಹೆಂಡತಿಗೆ ಮಲತಮ್ಮ ಕೂಡ, ಇಬ್ಬರಿಗೂ ತಂದೆ ಒಬ್ಬರೇ. 1784ರಲ್ಲಿ, 19ನೇ ವಯಸ್ಸಿಗೆ, ಪ್ಯಾರಿಸ್‌ಗೆ ಹೋಗಿ ಅಲ್ಲಿನ ದೊಡ್ಡ ದೊಡ್ಡ ಬಾಣಸಿಗರ ಹತ್ತಿರ ಕೆಲಸ ಕಲಿತರು, ಕೊನೆಗೆ ಜೆಫರ್ಸನ್ ಮನೆಯ ಅಡುಗೆಗೆ ಅವರೇ ಮುಖ್ಯಸ್ಥರಾದರು. ಫ್ರಾನ್ಸ್‌ನ ಕಾನೂನಿನ ಪ್ರಕಾರ ಅಲ್ಲೇ ಬಿಡುಗಡೆ ಕೇಳಬಹುದಿತ್ತು. ಆದರೂ 1789ರಲ್ಲಿ ವಾಪಸ್ ಬಂದರು. ಇನ್ನೊಬ್ಬರಿಗೆ ಅಡುಗೆ ಕಲಿಸಿಕೊಟ್ಟರೆ ಬಿಡುಗಡೆ ಅಂತ 1793ರಲ್ಲಿ ಕರಾರಾಯಿತು. ತಮ್ಮ ಪೀಟರ್‌ಗೆ ಕಲಿಸಿದರು, 1796ರಲ್ಲಿ ಸ್ವತಂತ್ರರಾದರು. ಹೊರಡುವ ಮುಂಚೆ ಅಡುಗೆಮನೆಯ ಪಾತ್ರೆಗಳ ಪಟ್ಟಿಯನ್ನು ಸ್ವಂತ ಕೈಯಲ್ಲಿ ಬರೆದುಕೊಟ್ಟರು. ಆ ಕಾಗದ ಇವತ್ತಿಗೂ ಉಳಿದಿದೆ. ಅವರು ಮಾತ್ರ 1801ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡರು.

ಅವರು ಬರೆದ ಮ್ಯಾಕರೋನಿ ಪಾಕವಿಧಾನ ಸಿಕ್ಕಿಲ್ಲ. ಅಮೆರಿಕದಲ್ಲಿ ಇದನ್ನು ಮಾಡಿದ ಮೊದಲಿಗರು ಅವರೇ ಅಂತ ಹೇಳಲಾಗದು. ಆದರೂ ಆ ಮನೆಗೆ ಫ್ರೆಂಚ್ ಅಡುಗೆ ಬಂದದ್ದು ಅವರ ಕೈಯಿಂದಲೇ ಅಲ್ವಾ? ಕಥೆ ಹೇಳುವಾಗ ಊಟ ಹಾಕಿಸಿದವರ ಹೆಸರಿನ ಜೊತೆ ಅಡುಗೆ ಮಾಡಿದವರ ಹೆಸರೂ ಬರಬೇಕು.

1802ರಲ್ಲಿ, ಜೆಫರ್ಸನ್ ಅಧ್ಯಕ್ಷರಾಗಿದ್ದಾಗ, ಅವರ ಮನೆಯ ಊಟದಲ್ಲಿ ಮ್ಯಾಕರೋನಿ ಪೈ ತಿಂದ ಒಬ್ಬ ಅತಿಥಿಗೆ ಅದು ಸೇರಲೇ ಇಲ್ಲ. 1824ರ ಹೊತ್ತಿಗೆ ವರ್ಜೀನಿಯಾದ ಮೇರಿ ರಾಂಡಾಲ್ಫ್ ಅವರ ಅಡುಗೆ ಪುಸ್ತಕದಲ್ಲಿ ಅದರ ಪಾಕವಿಧಾನ ಅಚ್ಚಾಯಿತು. ಅಮೆರಿಕದ ದಕ್ಷಿಣ ಭಾಗದ ಅಂಥ ಮನೆಗಳಲ್ಲಿ ಒಲೆ ಉರಿಸುತ್ತಿದ್ದವರು ಹೆಚ್ಚಾಗಿ ಗುಲಾಮ ಹೆಂಗಸರು. ಕಪ್ಪು ಜನರ ಭಾನುವಾರದ ಊಟದಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ಬೇಕ್ ಮಾಡಿದ ಮ್ಯಾಕ್ ಅಂಡ್ ಚೀಸ್‌ಗೆ ಇವತ್ತು ಅಷ್ಟು ಮರ್ಯಾದೆ ಇದೆ ಅಂದರೆ ಅದರ ಬೇರು ಇಲ್ಲಿದೆ. ಅದನ್ನು ಯಾರು ಮಾಡಬೇಕು ಅನ್ನುವುದೇ ಎಷ್ಟೋ ಮನೆಗಳಲ್ಲಿ ದೊಡ್ಡ ವಿಷಯ, ಸುಮ್ನೆ ಯಾರ ಕೈಗೋ ಕೊಡುವುದಿಲ್ಲ.

ಡಬ್ಬಿಯ ಕಥೆ ಬೇರೆ. ಚೀಸ್ ಬೇಗ ಕೆಡುತ್ತದೆ, ಕಾಯಿಸಿದರೆ ಎಣ್ಣೆ ಬಿಡುತ್ತದೆ. ಕೆಲವು ಲವಣ ಸೇರಿಸಿ ಕರಗಿಸಿದರೆ ನುಣ್ಣಗಿರುತ್ತದೆ ಅಂತ ಸ್ವಿಟ್ಜರ್ಲೆಂಡಿನವರು ಮೊದಲು ಕಂಡುಕೊಂಡರು. ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ 1916ರಲ್ಲಿ ಬಾಳಿಕೆ ಬರುವ ಚೀಸ್‌ಗೆ ಪೇಟೆಂಟ್ ಪಡೆದರು. 1937ರಲ್ಲಿ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ, ಕ್ರಾಫ್ಟ್ ಡಿನ್ನರ್ ಬಂತು: 19 ಸೆಂಟ್‌ಗೆ ನಾಲ್ಕು ಜನರ ಊಟ. ಎರಡನೇ ಮಹಾಯುದ್ಧದಲ್ಲಿ ಮಾಂಸಕ್ಕೂ ಹಾಲಿಗೂ ಬರ ಬಂದಾಗ ಇದಕ್ಕೆ ಬೇಡಿಕೆ ಇನ್ನೂ ಜಾಸ್ತಿಯಾಯಿತು. ಇದನ್ನು ಕೀಳಾಗಿ ನೋಡುವುದು ನನಗೆ ಸರಿ ಕಾಣುವುದಿಲ್ಲ, ಎಷ್ಟೋ ಮಕ್ಕಳ ಹೊಟ್ಟೆ ತುಂಬಿಸಿದ ಡಬ್ಬಿ ಇದು.

2016ರ ಹೊತ್ತಿಗೆ ಆ ಡಬ್ಬಿಯಲ್ಲಿ ಕೃತಕ ಬಣ್ಣ ಹೋಗಿ ಅರಿಶಿನ, ಪಾಪ್ರಿಕಾ ಅನ್ನುವ ಕೆಂಪು ಮೆಣಸಿನ ಪುಡಿ, ಅನಾಟೊ ಅನ್ನುವ ಬೀಜದ ಬಣ್ಣ ಬಂದವು. ಹೊಸ ಡಬ್ಬಿಗಳನ್ನು ಸುದ್ದಿ ಮಾಡದೆ ಅಂಗಡಿಗೆ ಬಿಟ್ಟಿದ್ದರು, ರುಚಿ ಬದಲಾಯಿತು ಅಂತ ಹೆಚ್ಚಿನವರು ಗಮನಿಸಲೇ ಇಲ್ಲ.

ಅಮೆರಿಕದಲ್ಲಿರುವ ನಮ್ಮ ಸಸ್ಯಾಹಾರಿ ಮನೆಗಳಿಗೆ ಒಂದು ಮಾತು. ಚೀಸ್ ಮಾಡುವಾಗ ಹಾಲು ಒಡೆಸಲು ಬಳಸುವ ರೆನೆಟ್ ಕರುವಿನ ಹೊಟ್ಟೆಯದೂ ಇರಬಹುದು, ಗಿಡದ್ದೋ ಸೂಕ್ಷ್ಮಜೀವಿಗಳದೋ ಇರಬಹುದು. ಎಷ್ಟೋ ಚೀಸ್ ಪೊಟ್ಟಣಗಳ ಮೇಲೆ ಬರೀ 'ಎಂಜೈಮ್ಸ್' ಅಂತಷ್ಟೇ ಬರೆದಿರುತ್ತಾರೆ. ಮಗು ಶಾಲೆಯಲ್ಲಿ ತಿಂದು ಬಂದು ಮನೆಯಲ್ಲೂ ಬೇಕು ಅಂದಾಗ, ಕಂಪನಿಗೇ ಬರೆದು ಕೇಳಿ.